ಹಳೆಯ ಮೋಟಾರ್‌ಹೋಮುಗಳಲ್ಲಿ ಪ್ರೋಪೇನ್ ಸುರಕ್ಷಾಕವಾಟ: ಬದಲಿಸುವುದು ಮತ್ತು ತೆಗೆಯುವುದು

ಎಂಜಿನ್ನು, ಅಡುಗೆಯ ಕಟ್ಟೆ, ಮಲಗುವ ಮಂಚ, ಸ್ನಾನದ ಕೊಠಡಿ ಇವೆಲ್ಲವನ್ನೂ ಒಂದೇ ಚಾಸಿಯ ಮೇಲೆ ಹೊತ್ತು ಊರಿಂದೂರಿಗೆ ಸಾಗುವ ಮೋಟಾರ್‌ಹೋಮ್ ಎಂಬ ವಸತಿವಾಹನದಲ್ಲಿ, ಒಲೆಗೂ, ನೀರು ಕಾಯಿಸುವ ಯಂತ್ರಕ್ಕೂ, ಒಳಗನ್ನು ಬೆಚ್ಚಗಿಡುವ ಹೀಟರಿಗೂ, ವಿಚಿತ್ರವೆನಿಸಿದರೂ ಆಹಾರವನ್ನು ತಂಪಾಗಿಡುವ ರೆಫ್ರಿಜರೇಟರಿಗೂ ಇಂಧನವಾಗಿ ಒದಗುವುದು ಪ್ರೋಪೇನ್ ಅನಿಲವೇ. ಈ ಅನಿಲವು ಸೋರಿದೊಡನೆ ಅದನ್ನರಿತು ಎಚ್ಚರಿಸುವ ಶೋಧಕವೊಂದು, ಆ ಶೋಧಕದ ಅಧೀನದಲ್ಲಿದ್ದು ಟ್ಯಾಂಕಿನ ಬಳಿಯಲ್ಲಿಯೇ ಅನಿಲದ ಹರಿವನ್ನು ತಡೆಯುವ ವಿದ್ಯುತ್ಕವಾಟವೊಂದು, ಇವೆರಡೂ ಕೂಡಿದ ವ್ಯವಸ್ಥೆಯನ್ನು ಅಮೆರಿಕದ ತಯಾರಕರು 1980 ಮತ್ತು 1990ರ ದಶಕಗಳ ಅನೇಕ ವಾಹನಗಳಲ್ಲಿ ಅಳವಡಿಸಿದರು. ಆ ವಾಹನಗಳಿಗೆ ಈಗ ಮುಪ್ಪು ಬಂದಿದೆ. ಎಂಜಿನ್ನೂ ಒಡಲೂ ಗಟ್ಟಿಯಾಗಿದ್ದರೂ ಶೋಧಕದ ಆಯುಸ್ಸು ಎಂದೋ ತೀರಿ, ಅದು ಅಕಾರಣವಾಗಿ ಕೂಗುತ್ತಲೋ, ಇಲ್ಲವೆ ಕೂಗದೆಯೇ ಕವಾಟವನ್ನು ಮುಚ್ಚಿ ಒಲೆ ಹತ್ತದಂತೆ ಮಾಡುತ್ತಲೋ, ಒಡೆಯನ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ: ಇದನ್ನು ಬದಲಿಸತಕ್ಕದ್ದೇ, ಅಥವಾ ಕಿತ್ತುಹಾಕತಕ್ಕದ್ದೇ? ವಾಹನದಲ್ಲಿರುವ ಒಂದೊಂದು ಸುರಕ್ಷಾಸಾಧನವೂ ಯಾವ ಅಪಾಯವನ್ನು ತಡೆಯಲೆಂದು ಬಂದುದೆಂಬುದನ್ನು ಬೇರೆಬೇರೆಯಾಗಿ ನೋಡಿದ ಹೊರತು ಇದಕ್ಕೆ ಸರಿಯಾದ ಉತ್ತರ ದೊರೆಯದು.

ಅನಿಲದ ಸ್ವಭಾವ

ಪ್ರೋಪೇನ್ ಮೂರು ಇಂಗಾಲ ಮತ್ತು ಎಂಟು ಜಲಜನಕ ಪರಮಾಣುಗಳಿಂದಾದ ಸರಳ ಹೈಡ್ರೊಕಾರ್ಬನ್. ಫ್ರಾನ್ಸಿನ ರಸಾಯನಜ್ಞ ಮಾರ್ಸೆಲನ್ ಬರ್ತೆಲೊ 1857ರಲ್ಲಿ ಇದನ್ನು ಗುರುತಿಸಿದನಾದರೂ, ಇದು ಇಂಧನದ ಪದವಿಗೇರಿದುದು 1910ರ ದಶಕದಲ್ಲಿ, ಅಮೆರಿಕದ ಗಣಿ ಇಲಾಖೆಯ ವಾಲ್ಟರ್ ಸ್ನೆಲಿಂಗ್ ಎಂಬ ರಸಾಯನಜ್ಞನು ಪೆಟ್ರೋಲಿನಿಂದ ಆವಿಯಾಗಿ ವ್ಯರ್ಥವಾಗುತ್ತಿದ್ದ ಅಂಶಗಳನ್ನು ಬೇರ್ಪಡಿಸಿ ದ್ರವವಾಗಿ ಸಂಗ್ರಹಿಸುವ ಮಾರ್ಗವನ್ನು ತೋರಿದ ಮೇಲೆ. ಇದರ ಕುದಿಬಿಂದು ಸೊನ್ನೆಗಿಂತ ಕೆಳಗೆ 42 ಡಿಗ್ರಿ ಸೆಲ್ಸಿಯಸ್. ನಮ್ಮ ಮನೆಗಳಿಗೆ ಬರುವ 14.2 ಕಿಲೋಗ್ರಾಂ ಅನಿಲದ ಕೆಂಪು ಸಿಲಿಂಡರಿನಲ್ಲಿರುವುದು ಪ್ರೋಪೇನ್ ಬ್ಯೂಟೇನುಗಳ ಮಿಶ್ರಣ. ಸೊನ್ನೆ ಡಿಗ್ರಿಯ ಸಮೀಪದಲ್ಲಿಯೇ ಆವಿಯಾಗಲು ನಿರಾಕರಿಸುವ ಬ್ಯೂಟೇನು ಮಿನೆಸೋಟದ ಹಿಮಗಾಲದಲ್ಲಿ ನಿರುಪಯೋಗಿಯಾದುದರಿಂದ ಅಲ್ಲಿಯವರು ಹೆಚ್ಚುಕಡಮೆ ಶುದ್ಧ ಪ್ರೋಪೇನನ್ನೇ ಆಶ್ರಯಿಸಿದ್ದಾರೆ.

ದ್ರವರೂಪದ ಒಂದು ಲೀಟರು ಪ್ರೋಪೇನು ಆವಿಯಾದಾಗ ಸುಮಾರು 270 ಲೀಟರಿನಷ್ಟು ಅನಿಲವಾಗಿ ಹಿಗ್ಗುತ್ತದೆ. ಈ ಅನಿಲವು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ಮೇಲೇರಿ ಚದರಿಹೋಗದೆ ನೆಲಕ್ಕಿಳಿದು, ಮಂಚದ ಕೆಳಗೂ ಕಪಾಟುಗಳ ತಳದಲ್ಲಿಯೂ ನಿಲ್ಲುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ನೂರಕ್ಕೆ ಸುಮಾರು 2.1ರಿಂದ 9.5ರ ವರೆಗೆ ಇದ್ದಾಗ ಮಾತ್ರ ಕಿಡಿ ತಗುಲಿದರೆ ಸ್ಫೋಟವುಂಟಾಗುತ್ತದೆ. ಒಂಬತ್ತು ಮೀಟರು ಉದ್ದದ ಮೋಟಾರ್‌ಹೋಮಿನ ಒಳಗಿನ ಅವಕಾಶವು ಸುಮಾರು 40 ಘನಮೀಟರೆಂದು ಹಿಡಿದರೆ, ಅದಷ್ಟನ್ನೂ ಸ್ಫೋಟದ ಕೆಳಮಿತಿಗೆ ಮುಟ್ಟಿಸಲು ಮೂರು ಲೀಟರು ದ್ರವ ಪ್ರೋಪೇನು, ಅಂದರೆ ಒಂದೂವರೆ ಕಿಲೋಗ್ರಾಮು, ಸಾಕು. ನೆಲದಲ್ಲಿಯೇ ಶೇಖರವಾಗುವ ಅನಿಲಕ್ಕಂತೂ ಅಷ್ಟು ಕೂಡ ಬೇಕಾಗುವುದಿಲ್ಲ. ರೆಫ್ರಿಜರೇಟರಿನ ಪೈಲಟ್ ಜ್ವಾಲೆಯೂ ನೀರೊಲೆಯ ಕಿಡಿಯೂ ಇರುವುದು ಸಾಮಾನ್ಯವಾಗಿ ಆ ನೆಲದ ಮಟ್ಟದಲ್ಲಿಯೇ ಎಂಬುದು ಈ ಲೆಕ್ಕವನ್ನು ಇನ್ನಷ್ಟು ಗಂಭೀರವಾಗಿಸುತ್ತದೆ.

ಪ್ರೋಪೇನಿಗೆ ಸ್ವತಃ ವಾಸನೆಯಿಲ್ಲ. ನಮಗೆ ಬಡಿಯುವ ಕೊಳೆತ ಈರುಳ್ಳಿಯಂಥ ನಾತವು ಅದಕ್ಕೆ ಬುದ್ಧಿಪೂರ್ವಕವಾಗಿ ಬೆರಸಿದ ಈಥೈಲ್ ಮರ್ಕಾಪ್ಟನ್ ಎಂಬ ದ್ರವ್ಯದ್ದು. 1937ರ ಮಾರ್ಚ್ 18ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕಾನಿಲವು ಯಾರಿಗೂ ತಿಳಿಯದಂತೆ ತುಂಬಿಕೊಂಡು ಸಿಡಿದು, ಮಕ್ಕಳೂ ಉಪಾಧ್ಯಾಯರೂ ಕೂಡಿ ಮುನ್ನೂರರ ಸಮೀಪದಷ್ಟು ಜನ ಮಡಿದ ತರುವಾಯ, ಅನಿಲಕ್ಕೆ ವಾಸನೆಯನ್ನು ಬೆರಸುವುದು ಟೆಕ್ಸಾಸಿನಲ್ಲಿ ಶಾಸನವಾಯಿತು. ಕ್ರಮೇಣ ಉಳಿದೆಡೆಗಳಲ್ಲಿಯೂ ಇದೇ ಪದ್ಧತಿ ನೆಲೆಗೊಂಡಿತು. ಆದರೂ ಮೂಗಿನ ಮೇಲಿನ ಭರವಸೆಗೆ ಎಲ್ಲೆಯುಂಟು. ನಿದ್ರಿಸುವವನನ್ನು ವಾಸನೆಯು ಎಬ್ಬಿಸುವುದೆಂಬ ನಂಬಿಕೆಯಿಲ್ಲ. ವೃದ್ಧರ ಘ್ರಾಣಶಕ್ತಿ ಕುಂದಿರುತ್ತದೆ. ಒಳಗೆ ತುಕ್ಕು ಹಿಡಿದ ಉಕ್ಕಿನ ಟ್ಯಾಂಕಿನಲ್ಲಿ ಮರ್ಕಾಪ್ಟನ್ನು ಆಕ್ಸಿಡೀಕರಣಗೊಂಡು ನಾತವೇ ಕ್ಷೀಣಿಸುವುದುಂಟು. ಹಳೆಯ ಮೋಟಾರ್‌ಹೋಮುಗಳಲ್ಲಿ ಪ್ರಯಾಣಿಸುವವರು ಬಹುಮಟ್ಟಿಗೆ ನಿವೃತ್ತಿ ಹೊಂದಿದವರೆಂಬುದನ್ನು ನೆನೆದರೆ, ಶೋಧಕವು ಅನಾವಶ್ಯಕವಾದ ಅಲಂಕಾರವಲ್ಲವೆಂಬುದು ವಿದಿತವಾಗುತ್ತದೆ.

ಮುಟ್ಟಲಾಗದ ಸಾಧನಗಳು

ಟ್ರೈಲರುಗಳಲ್ಲಿ ಎತ್ತಿ ಇಳಿಸಬಹುದಾದ ಸಿಲಿಂಡರುಗಳಿದ್ದರೆ, ಮೋಟಾರ್‌ಹೋಮಿನಲ್ಲಿ ಸಾಮಾನ್ಯವಾಗಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ನಿಯಮದಂತೆ ಬೆಸೆದ ಅಡ್ಡ ಟ್ಯಾಂಕೊಂದು ಚಾಸಿಗೆ ಶಾಶ್ವತವಾಗಿ ಬಿಗಿಯಲ್ಪಟ್ಟಿರುತ್ತದೆ. ಸಿಲಿಂಡರುಗಳನ್ನು ನಿಯತಕಾಲಗಳಲ್ಲಿ ಮರುಪರೀಕ್ಷೆಗೆ ಒಪ್ಪಿಸಬೇಕು. ಈ ಟ್ಯಾಂಕಿಗೆ ಅಂಥ ನಿರ್ಬಂಧವಿಲ್ಲ, ಅದರ ಫಲಕವು ಓದುವಂತಿದ್ದು ಒಡಲು ತುಕ್ಕಿನಿಂದ ಕೊರೆಯಲ್ಪಡದಿದ್ದರೆ ಸಾಕು. ಪ್ರೋಪೇನಿನ ದ್ರವವು ಬಿಸಿಲಿನಲ್ಲಿ ನೀರಿಗಿಂತ ಸುಮಾರು 17 ಪಟ್ಟು ಹೆಚ್ಚಾಗಿ ಹಿಗ್ಗುವುದರಿಂದ, ಟ್ಯಾಂಕಿನ ಅವಕಾಶದಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚು ತುಂಬಕೂಡದು. ತೇಲುಬೆಂಡಿನಿಂದ ತಾನಾಗಿ ಮುಚ್ಚಿಕೊಳ್ಳುವ ಕವಾಟವು ಈ ಮಿತಿಯನ್ನು ಕಾಯುತ್ತದೆ. ಸಣ್ಣ ಸಿಲಿಂಡರುಗಳ ವಿಷಯದಲ್ಲಿ ಇಂಥ ಕವಾಟವಿಲ್ಲದವನ್ನು 2002ರ ಏಪ್ರಿಲ್ 1ರ ತರುವಾಯ ತುಂಬಲೇಬಾರದೆಂಬ ನಿಯಮವು ಅಮೆರಿಕದಲ್ಲಿ ಜಾರಿಗೆ ಬಂದಿದೆ.

ಇದಲ್ಲದೆ ಟ್ಯಾಂಕಿನ ಒಳಗಿನ ಒತ್ತಡವು ಮಿತಿಮೀರಿದಾಗ ಅನಿಲವನ್ನು ಹೊರಕ್ಕೆ ಬಿಡುವ ಪರಿಹಾರಕವಾಟ, ಕೊಳವೆಯು ಅಪಘಾತದಲ್ಲಿ ತುಂಡಾದರೆ ಹರಿವಿನ ವೇಗಕ್ಕೇ ಮುಚ್ಚಿಕೊಳ್ಳುವ ಅತಿಹರಿವು ಕವಾಟ, ಕೈಯಿಂದ ತಿರುಗಿಸುವ ಮುಖ್ಯಕವಾಟ ಇವು ಟ್ಯಾಂಕಿನಲ್ಲಿಯೇ ಇವೆ. ಮುಖ್ಯಕವಾಟವನ್ನು ದಾಟಿದ ಅನಿಲವು ಎರಡು ಹಂತಗಳ ರೆಗ್ಯುಲೇಟರನ್ನು ಹೊಗುತ್ತದೆ. ಬೇಸಗೆಯ 38 ಡಿಗ್ರಿಯಲ್ಲಿ ಟ್ಯಾಂಕಿನೊಳಗಿನ ಒತ್ತಡವು ಚದರ ಅಂಗುಲಕ್ಕೆ ಸುಮಾರು 175 ಪೌಂಡು. ರೆಗ್ಯುಲೇಟರು ಅದನ್ನು ನೀರಿನ ಸ್ತಂಭದ 11 ಅಂಗುಲಕ್ಕೆ, ಅಂದರೆ ಚದರ ಅಂಗುಲಕ್ಕೆ 0.4 ಪೌಂಡಿಗೆ ಇಳಿಸುತ್ತದೆ. ನಮ್ಮ ಅಡುಗೆಮನೆಯ ರೆಗ್ಯುಲೇಟರು ಒಲೆಗೆ ಕೊಡುವ ಒತ್ತಡವೂ ಹೆಚ್ಚುಕಡಮೆ ಇಷ್ಟೇ. ಕೊನೆಗೆ ಒಂದೊಂದು ಉಪಕರಣದಲ್ಲಿಯೂ ಜ್ವಾಲಾರಕ್ಷಕವಿರುತ್ತದೆ: ಹಳೆಯ ಮಾದರಿಗಳಲ್ಲಿ ಪೈಲಟ್ ಜ್ವಾಲೆಯ ಬಿಸಿಯಿಂದ ಕೆಲವೇ ಮಿಲಿವೋಲ್ಟು ವಿದ್ಯುತ್ತನ್ನು ಹುಟ್ಟಿಸುವ ಥರ್ಮೊಕಪಲ್ಲು ಪುಟ್ಟ ವಿದ್ಯುತ್ಕಾಂತವೊಂದನ್ನು ಹಿಡಿದಿಟ್ಟು, ಜ್ವಾಲೆ ಆರಿದೊಡನೆ ಅದನ್ನು ಬಿಟ್ಟುಕೊಟ್ಟು ಅನಿಲವನ್ನು ಕಡಿಯುತ್ತದೆ. ಒಂದು ಲೋಪವನ್ನು ಇಲ್ಲಿ ಗಮನಿಸಬೇಕು: ಹಳೆಯ ಅಮೆರಿಕನ್ ಮೋಟಾರ್‌ಹೋಮುಗಳ ಅಡುಗೆಕಟ್ಟೆಯ ಮೇಲಿನ ಬರ್ನರುಗಳಿಗೆ ಈ ರಕ್ಷಕವು ಬಹುಮಟ್ಟಿಗೆ ಇರಲಿಲ್ಲ.

ಈ ಸಾಲಿನ ಯಾವುದನ್ನೂ, ಯಾವ ಕಾರಣಕ್ಕೂ, ತೆಗೆಯುವ ಮಾತೇ ಇಲ್ಲ. ಕೆಟ್ಟರೆ ಅದೇ ಜಾತಿಯದನ್ನೇ ಹಾಕತಕ್ಕದ್ದು. ತೆಗೆಯಬಹುದೇ ಎಂಬ ವಾದಕ್ಕೆ ಆಸ್ಪದವಿರುವುದು ಶೋಧಕಕ್ಕೆ ಕಟ್ಟಿದ ವಿದ್ಯುತ್ಕವಾಟವೊಂದರ ವಿಷಯದಲ್ಲಿ ಮಾತ್ರ.

ಶೋಧಕವೂ ವಿದ್ಯುತ್ಕವಾಟವೂ

1966ರಿಂದ ಅಯೋವ ಸಂಸ್ಥಾನದ ಫಾರೆಸ್ಟ್ ಸಿಟಿಯಲ್ಲಿ ವಿನೆಬೇಗೊ ಸಂಸ್ಥೆಯು ಮೋಟಾರ್‌ಹೋಮುಗಳನ್ನು ಕಾರ್ಖಾನೆಯ ಸಾಲಿನಲ್ಲಿ ತಯಾರಿಸಿ ಮಧ್ಯಮವರ್ಗದ ಕೈಗೆಟುಕಿಸಿದಾಗಲೂ, ಜನರಲ್ ಮೋಟಾರ್ಸ್ ಸಂಸ್ಥೆಯು 1973ರಿಂದ 1978ರ ವರೆಗೆ ಮುಂಗಾಲಿಯಿಂದ ಓಡುವ ತನ್ನ ಪ್ರಸಿದ್ಧ ಮೋಟಾರ್‌ಹೋಮನ್ನು ಹೊರತಂದಾಗಲೂ, ಅನಿಲಶೋಧಕವು ರೂಢಿಗೆ ಬಂದಿರಲಿಲ್ಲ. ಆದುದರಿಂದ ಹಳೆಯ ವಾಹನಗಳೆಂದರೆ ಎರಡು ಬಗೆಯವು: ಶೋಧಕವೇ ಇಲ್ಲದೆ ಹುಟ್ಟಿದವು, ಶೋಧಕ ಮತ್ತು ಕವಾಟಗಳೆರಡನ್ನೂ ಹೊತ್ತು ಹುಟ್ಟಿದವು. ಮೊದಲನೆಯ ವರ್ಗಕ್ಕೆ ಬದಲಾವಣೆಯ ಪ್ರಶ್ನೆಯಿಲ್ಲ. ಶೋಧಕವನ್ನು ಹೊಸದಾಗಿ ಸೇರಿಸುವುದೊಂದೇ ಅಲ್ಲಿ ಕರ್ತವ್ಯ.

ಶೋಧಕದ ಹೃದಯವು ತವರದ ಆಕ್ಸೈಡಿನ ಪುಟ್ಟ ಗುಳಿಗೆ. ಜಪಾನಿನ ನಾವೊಯೊಶಿ ತಗುಚಿ ಎಂಬಾತನು 1960ರ ದಶಕದಲ್ಲಿ ರೂಪಿಸಿದ ಈ ಅರೆವಾಹಕ ಸಂವೇದಕವನ್ನು ತಂತಿಯೊಂದು ಸದಾ ಕಾಯಿಸುತ್ತಿರುತ್ತದೆ. ಕಾದ ಮೈಗೆ ಅಂಟಿಕೊಂಡ ಗಾಳಿಯ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಸೆಳೆದಿಟ್ಟುಕೊಂಡು ವಿದ್ಯುತ್ತಿನ ಹರಿವಿಗೆ ತಡೆಯಾಗುತ್ತದೆ. ದಹನಶೀಲ ಅನಿಲ ಬಂದಾಗ ಅದು ಆ ಆಮ್ಲಜನಕವನ್ನು ಸುಟ್ಟು ತೆಗೆದು, ತಡೆಯನ್ನು ಕುಗ್ಗಿಸುತ್ತದೆ. ಈ ಕುಗ್ಗುವಿಕೆಯನ್ನೇ ವಿದ್ಯುನ್ಮಂಡಲವು ಅಳೆದು ಘಂಟಾನಾದವನ್ನುಂಟುಮಾಡುತ್ತದೆ. ಅಮೆರಿಕದ ಯು.ಎಲ್. 1484 ಎಂಬ ಮಾನಕದಂತೆ ಸ್ಫೋಟದ ಕೆಳಮಿತಿಯ ಕಾಲು ಭಾಗವನ್ನು, ಎಂದರೆ ಗಾಳಿಯಲ್ಲಿ ನೂರಕ್ಕೆ ಅರ್ಧದಷ್ಟು ಪ್ರೋಪೇನನ್ನು, ಮುಟ್ಟುವುದರೊಳಗಾಗಿ ಶೋಧಕವು ಕೂಗಬೇಕು. ತವರದ ಆಕ್ಸೈಡಿಗೆ ಪ್ರೋಪೇನಿಗೂ ಇತರ ದಹನಶೀಲ ಆವಿಗಳಿಗೂ ನಡುವೆ ವಿವೇಚನೆಯಿಲ್ಲ. ಕೂದಲಿಗೆ ಸಿಂಪಡಿಸುವ ದ್ರವ್ಯ, ಮದ್ಯಸಾರ, ಚಾರ್ಜಾಗುತ್ತಿರುವ ಬ್ಯಾಟರಿಯಿಂದೇಳುವ ಜಲಜನಕ, ಯಾವುದು ಸೋಕಿದರೂ ಅದು ಕೂಗಿಕೊಳ್ಳುತ್ತದೆ. ಸಿಲಿಕೋನ್ ಆವಿಗಳು ತಗುಲಿದರಂತೂ ಅದರ ಚೈತನ್ಯವೇ ಶಾಶ್ವತವಾಗಿ ಮಂಕಾಗುತ್ತದೆ. ಹಗಲಿರುಳೂ ಕಾಯುತ್ತಲೇ ಇರಬೇಕಾದ ಆ ಗುಳಿಗೆಗೆ ಆಯುಸ್ಸು ಪರಿಮಿತ: ಹಳೆಯ ಮಾದರಿಗಳಿಗೆ ಐದು ವರ್ಷ, ಅನಂತರದವಕ್ಕೆ ಏಳು, ಇತ್ತೀಚಿನ ಕೆಲವಕ್ಕೆ ಹತ್ತು. ಮೂವತ್ತು ವರ್ಷ ಹಿಂದಿನ ಮೋಟಾರ್‌ಹೋಮಿನಲ್ಲಿ ಕಾರ್ಖಾನೆಯಲ್ಲಿಯೇ ಕೂರಿಸಿದ ಶೋಧಕವು ಹಸಿರು ದೀಪ ಬೆಳಗುತ್ತ ಇನ್ನೂ ಕುಳಿತಿದ್ದರೆ, ಆ ದೀಪವು ಸಾರುವುದು ವಿದ್ಯುತ್ತಿದೆಯೆಂಬುದನ್ನಲ್ಲದೆ ರಕ್ಷಣೆಯಿದೆಯೆಂಬುದನ್ನಲ್ಲ.

ವಿದ್ಯುತ್ಕವಾಟದ ಅಥವಾ ಸೊಲೆನಾಯ್ಡ್ ವಾಲ್ವಿನ ತತ್ತ್ವವು ಇನ್ನೂ ಸರಳ. ತಾಮ್ರದ ತಂತಿಯ ಸುರುಳಿಯಲ್ಲಿ 12 ವೋಲ್ಟಿನ ವಿದ್ಯುತ್ತು ಹರಿಯುತ್ತಿರುವ ತನಕ ಒಳಗಿನ ಕಬ್ಬಿಣದ ಕಡ್ಡಿ ಮೇಲಕ್ಕೆ ಸೆಳೆಯಲ್ಪಟ್ಟು ದಾರಿ ತೆರೆದಿರುತ್ತದೆ. ವಿದ್ಯುತ್ತು ನಿಂತೊಡನೆ ಸ್ಪ್ರಿಂಗು ಅದನ್ನು ಕೆಳಕ್ಕೆ ನೂಕಿ ದಾರಿ ಮುಚ್ಚುತ್ತದೆ. ತಂತಿ ಕಡಿದರೂ, ಫ್ಯೂಸು ಸುಟ್ಟರೂ, ಬ್ಯಾಟರಿ ಬತ್ತಿದರೂ, ಶೋಧಕವೇ ಸತ್ತರೂ ಪರಿಣಾಮವು ಒಂದೇ: ಅನಿಲವು ನಿಲ್ಲುತ್ತದೆ. ಕೆಡುವಾಗಲೂ ಕ್ಷೇಮದ ಕಡೆಗೇ ಕೆಡತಕ್ಕದ್ದೆಂಬ ಎಂಜಿನಿಯರಿಂಗ್ ಧರ್ಮಕ್ಕೆ ಇದು ಉತ್ತಮ ನಿದರ್ಶನ. ಆದರೆ ಈ ಧರ್ಮದ ಬೆಲೆಯನ್ನು ತೆರುವುದು ಬ್ಯಾಟರಿ. ಸುರುಳಿಯು ಅರ್ಧ ಆಂಪಿಯರು ಮಾತ್ರ ಎಳೆದರೂ ದಿನಕ್ಕೆ 12 ಆಂಪಿಯರ್-ಗಂಟೆಯಾಯಿತು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಹಾನಿಯಿಲ್ಲದೆ ಬಳಸಬಹುದಾದುದು ಅರ್ಧದಷ್ಟು ಮಾತ್ರವಾದುದರಿಂದ, ಕಾಡಿನಲ್ಲಿ ಬೀಡುಬಿಟ್ಟವನ ಬ್ಯಾಟರಿಯನ್ನು ಈ ಕವಾಟವೊಂದೇ ನಾಲ್ಕು ದಿನಗಳಲ್ಲಿ ಬತ್ತಿಸಬಲ್ಲುದು. ಹಿಮ ಬೀಳುವ ರಾತ್ರಿಯಲ್ಲಿ ಬ್ಯಾಟರಿ ಬತ್ತಿ, ಕವಾಟ ಮುಚ್ಚಿ, ಹೀಟರು ಆರಿಹೋದಾಗ ಕ್ಷೇಮವೆಂಬುದರ ಅರ್ಥವೇ ಬೇರೆಯಾಗುತ್ತದೆ.

ಇನ್ನೊಂದು ತೊಡಕು ಅಷ್ಟು ಸ್ಪಷ್ಟವಾಗಿ ಕಾಣದು. ಒಲೆಯ ಮೇಲೆ ಪಾತ್ರೆಯಿರುವಾಗ ಬ್ಯಾಟರಿಯ ವೋಲ್ಟೇಜು ಕ್ಷಣಕಾಲ ಕುಸಿದು ಕವಾಟವು ಮುಚ್ಚಿತೆನ್ನೋಣ. ಜ್ವಾಲೆ ಆರುತ್ತದೆ. ವೋಲ್ಟೇಜು ಮರಳಿದಾಗ ಕವಾಟವು ತಾನಾಗಿಯೇ ತೆರೆದುಕೊಂಡರೆ, ಜ್ವಾಲಾರಕ್ಷಕವಿಲ್ಲದ ಹಳೆಯ ಬರ್ನರಿನಿಂದ ಉರಿಯದ ಅನಿಲವು ಒಳಗೆ ಸುರಿಯತೊಡಗುತ್ತದೆ. ಸುರಕ್ಷೆಗೆಂದು ಇಟ್ಟ ಸಾಧನವೇ ಅಪಾಯಕ್ಕೆ ಬಾಗಿಲು ತೆರೆದಂತಾಗುವ ಈ ಸಂದರ್ಭವನ್ನು ತಪ್ಪಿಸಲೆಂದೇ, ಒಮ್ಮೆ ಮುಚ್ಚಿದ ಕವಾಟವು ಮನುಷ್ಯನ ಕೈಯಿಂದ ಗುಂಡಿಯೊತ್ತಿಸಿಕೊಳ್ಳದೆ ಮತ್ತೆ ತೆರೆಯದಂತಿರುವ ಏರ್ಪಾಡು ಆವಶ್ಯಕ. ಹಳೆಯ ವ್ಯವಸ್ಥೆಯನ್ನು ಉಳಿಸಿಕೊಳ್ಳಲಿಚ್ಛಿಸುವವನು ಮೊತ್ತಮೊದಲು ಪರೀಕ್ಷಿಸಬೇಕಾದುದು ಇದನ್ನೇ.

ಕವಾಟದ ಶಕ್ತಿಯ ಮಿತಿಯನ್ನೂ ಅರಿಯುವುದು ಯುಕ್ತ. ಅದು ತನ್ನಿಂದಾಚೆಯ ಕೊಳವೆಗಳಿಗೆ ಅನಿಲವನ್ನು ಕೊಡದಿರಬಲ್ಲುದೇ ವಿನಾ, ಒಳಗೆ ಆಗಲೇ ತುಂಬಿರುವ ಅನಿಲವನ್ನು ಹೊರಹಾಕಲಾರದು. ತನಗಿಂತ ಹಿಂದಿರುವ ಮುಖ್ಯಕವಾಟದ ಬುಡದಲ್ಲಿಯೋ ಪರಿಹಾರಕವಾಟದಲ್ಲಿಯೋ ಸೋರಿಕೆಯಾದರೆ ನಿಸ್ಸಹಾಯಕ. ಶೋಧಕ ಕೂಗಿದಾಗ ಕಿಡಿ ಹುಟ್ಟಿಸುವ ಯಾವ ಸ್ವಿಚ್ಚನ್ನೂ ಮುಟ್ಟದೆ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ಟ್ಯಾಂಕಿನ ಕೈಕವಾಟವನ್ನು ಮುಚ್ಚುವ ಮನುಷ್ಯನಿಗೆ ಈ ಕವಾಟವು ಸಹಾಯಕನೇ ಹೊರತು ಪ್ರತಿನಿಧಿಯಲ್ಲ. ವಸತಿವಾಹನಗಳಿಗಾಗಿ ಅಮೆರಿಕದ ರಾಷ್ಟ್ರೀಯ ಅಗ್ನಿಸಂರಕ್ಷಣಾ ಸಂಘವು ರಚಿಸಿದ 1192ನೆಯ ಮಾನಕವು ಪ್ರೋಪೇನ್ ಉಪಕರಣಗಳುಳ್ಳ ವಾಹನದಲ್ಲಿ ಅನಿಲಶೋಧಕವಿರಬೇಕೆಂದು ವಿಧಿಸುತ್ತದೆ. ಅದಕ್ಕೆ ಸ್ವಯಂಚಾಲಿತ ಕವಾಟವನ್ನು ಜೋಡಿಸುವುದು ತಯಾರಕರು ತಾವಾಗಿ ಕೊಟ್ಟ ಹೆಚ್ಚಿನ ರಕ್ಷಣೆ. ತರುವಾಯದ ವರ್ಷಗಳಲ್ಲಿ ಬಹುಮಂದಿ ತಯಾರಕರು ಆ ಜೋಡಣೆಯನ್ನು ಕೈಬಿಟ್ಟು, ಕೂಗುವ ಶೋಧಕವೊಂದನ್ನೇ ಉಳಿಸಿಕೊಂಡರು.

ಯೂರೋಪಿನ ಮಾರ್ಗ

ಇದೇ ಅಪಾಯಕ್ಕೆ ಯೂರೋಪಿನವರು ಹುಡುಕಿದ ಉಪಾಯವು ಭಿನ್ನವಾದುದು. ಅನಿಲವು ಭಾರವಾದುದರಿಂದ ಕೆಳಕ್ಕೇ ಇಳಿಯುವುದಷ್ಟೆ. ಹಾಗಾದರೆ ನೆಲದಲ್ಲಿ ರಂಧ್ರಗಳನ್ನಿಟ್ಟರೆ ಅದು ತಾನಾಗಿಯೇ ಹೊರಬೀಳುವುದೆಂದು ಅವರು ತರ್ಕಿಸಿ, ಸಿಲಿಂಡರಿರುವ ಗೂಡನ್ನು ವಸತಿಯ ಭಾಗದಿಂದ ಸಂಪೂರ್ಣವಾಗಿ ಬೇರ್ಪಡಿಸಿ ಅದರ ತಳದಲ್ಲಿಯೂ, ಉಪಕರಣಗಳ ಕೆಳಗೂ ಶಾಶ್ವತವಾಗಿ ತೆರೆದ ಗಾಳಿಗಂಡಿಗಳನ್ನು ಕಡ್ಡಾಯಮಾಡಿದರು. ಗುರುತ್ವಾಕರ್ಷಣೆಗೆ ಬ್ಯಾಟರಿ ಬೇಕಿಲ್ಲ, ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾಗಿಯೂ ಇಲ್ಲ. ಇವೆರಡರಲ್ಲಿ ಪ್ರಸ್ತುತ ಲೇಖಕನ ಮನಸ್ಸು ಒಲಿಯುವುದು ಈ ರಂಧ್ರದ ಕಡೆಗೇ. ಹಿಮಗಾಲದಲ್ಲಿ ಕಾಲಿಗೆ ತಣ್ಣನೆಯ ಗಾಳಿ ಬಡಿಯುವುದೆಂದು ಕೆಲವರು ಆ ಗಂಡಿಗಳಿಗೆ ಬಟ್ಟೆ ತುರುಕುವರೆಂಬುದು ಮಾತ್ರ ಅದರ ದೌರ್ಬಲ್ಯ.

ಚಲಿಸುವಾಗಲೂ ಹೀಟರು ಉರಿಯಬೇಕೆನ್ನುವವರಿಗೆ ಯೂರೋಪಿನ 2001ರ ಹೀಟರ್ ನಿರ್ದೇಶನವು ಇನ್ನೊಂದು ಷರತ್ತನ್ನು ಹಾಕಿತು: ಅಪಘಾತದಲ್ಲಿ ಕೊಳವೆ ಮುರಿದರೆ ಅನಿಲವನ್ನು ತಡೆಯುವ ಸಾಧನವಿರಬೇಕು. ಇದರಿಂದ ಡಿಕ್ಕಿಯ ಆಘಾತಕ್ಕೆ ಒಳಗಿನ ಲೋಹದ ಗುಂಡೊಂದು ಸ್ಥಾನಪಲ್ಲಟಗೊಂಡು ದಾರಿಯನ್ನು ಮುಚ್ಚುವಂಥ ರೆಗ್ಯುಲೇಟರುಗಳು ಬಳಕೆಗೆ ಬಂದುವು. ಇವು ಕೇವಲ ಯಾಂತ್ರಿಕವಾದವು; ವಿದ್ಯುತ್ತಿನ ಹಂಗು ಇವಕ್ಕಿಲ್ಲ. ಅಮೆರಿಕದಲ್ಲಿ ಚಲಿಸುವಾಗ ರೆಫ್ರಿಜರೇಟರನ್ನು ಅನಿಲದಿಂದ ನಡೆಸುವ ವಾಡಿಕೆ ಇಂದಿಗೂ ಉಂಟು. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳಾದ ಬಾಲ್ಟ್ಜಾರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ಎಂಬವರು ಕಂಡುಹಿಡಿದ, ಜ್ವಾಲೆಯ ಬಿಸಿಯಿಂದಲೇ ತಂಪನ್ನು ಸೃಷ್ಟಿಸುವ ಶೋಷಣವಿಧಾನದ ರೆಫ್ರಿಜರೇಟರೇ ಇದಕ್ಕೆ ಕಾರಣ. ಆದರೆ ಸುರಂಗಮಾರ್ಗಗಳ ಅಧಿಕಾರಿಗಳು ಇಂಥ ವಾಡಿಕೆಗೆ ಸೊಪ್ಪುಹಾಕುವುದಿಲ್ಲ: ಬಾಲ್ಟಿಮೋರಿನ ಬಂದರಿನ ಕೆಳಗಿನ ಸುರಂಗಗಳಲ್ಲಿ ದೊಡ್ಡ ಪ್ರೋಪೇನ್ ಟ್ಯಾಂಕುಳ್ಳ ವಾಹನಗಳಿಗೆ ಪ್ರವೇಶವೇ ಇಲ್ಲ.

ಬದಲಿಸುವ ಮತ್ತು ತೆಗೆಯುವ ಕ್ರಮ

ಹಳೆಯ ವ್ಯವಸ್ಥೆಯ ಮುಂದೆ ನಿಂತ ಒಡೆಯನಿಗೆ ಯುಕ್ತವಾದ ದಾರಿಗಳು ಎರಡು. ಕವಾಟವನ್ನು ನಡೆಸಬಲ್ಲ ಹೊಸ ಶೋಧಕವನ್ನು ತಂದು ಹಳೆಯ ಕವಾಟಕ್ಕೆ ಜೋಡಿಸುವುದು ಮೊದಲನೆಯದು. ಇದರಲ್ಲಿ ಸುರುಳಿಯು ಬೇಡುವ ವಿದ್ಯುತ್ತನ್ನು ಹೊಸ ಶೋಧಕದ ರಿಲೇ ತಾಳಬಲ್ಲುದೇ ಎಂಬುದನ್ನು ಅಳೆದು ನೋಡಬೇಕಲ್ಲದೆ, ತಂತಿಗಳ ಬಣ್ಣವನ್ನು ನಂಬಿ ಕೂರಬಾರದು. ಏಕೆಂದರೆ ತಯಾರಕರಿಂದ ತಯಾರಕರಿಗೆ ಬಣ್ಣದ ಸಂಕೇತವು ಬೇರೆ. ಮೂವತ್ತು ವರ್ಷಗಳಲ್ಲಿ ಎಷ್ಟು ಮಂದಿ ಒಡೆಯರು ಎಷ್ಟು ತಂತಿಗಳನ್ನು ಕಡಿದು ಹೆಣೆದಿರುವರೋ ಬಲ್ಲವರಾರು! ಕವಾಟವೂ ಹಳತಾಗಿ ಸೋರುವಂತಿದ್ದರೆ ಅದನ್ನೂ ಬದಲಿಸಬೇಕು. ಆಗ ಅದು ರೆಗ್ಯುಲೇಟರಿಗೆ ಮುಂಚೆ ಇದೆಯೋ ಅನಂತರ ಇದೆಯೋ ಎಂಬುದು ಪ್ರಾಣಪ್ರಶ್ನೆ. ರೆಗ್ಯುಲೇಟರಿಗಿಂತ ಮುಂಚಿನ ಸ್ಥಾನದಲ್ಲಿ ಟ್ಯಾಂಕಿನ ಪೂರ್ಣ ಒತ್ತಡವಿರುತ್ತದೆ. ಅಲ್ಲಿ ಅಲ್ಪ ಒತ್ತಡಕ್ಕೆಂದು ಮಾಡಿದ ಕವಾಟವನ್ನು ಕೂರಿಸಿದವನು ಬಾಂಬನ್ನಲ್ಲದಿದ್ದರೂ ಅದರ ಸೋದರನನ್ನು ಕೂರಿಸಿದಂತಾಯಿತು.

ಎರಡನೆಯ ದಾರಿಯೆಂದರೆ ವಿದ್ಯುತ್ಕವಾಟವನ್ನು ತೆಗೆದುಹಾಕಿ, ಅದರ ಸ್ಥಳದಲ್ಲಿ ಅನಿಲಕ್ಕೆ ಯೋಗ್ಯವಾದ ಹಿತ್ತಾಳೆಯ ಜೋಡಣೆಯನ್ನೋ ಹೊಸ ಕೊಳವೆಯನ್ನೋ ಹಾಕಿ, ವಸತಿವಾಹನಗಳಿಗೆಂದೇ ಪ್ರಮಾಣಿತವಾದ ಹೊಸ ಶೋಧಕವನ್ನು ಇರಿಸುವುದು. ಬ್ಯಾಟರಿಯ ಮೇಲಿನ ಹೊರೆ ಇದರಿಂದ ಇಳಿಯುತ್ತದೆ, ಸೋರಬಹುದಾದ ಸಂಧಿಗಳ ಸಂಖ್ಯೆಯೂ ಕಡಮೆಯಾಗುತ್ತದೆ. ಶೋಧಕವು ಕೂಗುವಷ್ಟು ದಿನ ಕವಾಟವನ್ನು ತೆಗೆದುದರಿಂದ ವಾಹನವು ಅರಕ್ಷಿತವಾಗದೆಂಬುದೂ, ಶೋಧಕವನ್ನು ತೆಗೆದು ಕವಾಟವನ್ನು ಮಾತ್ರ ಉಳಿಸಿದರೆ ಖಂಡಿತವಾಗಿ ಅರಕ್ಷಿತವಾಗುವುದೆಂಬುದೂ ಇಲ್ಲಿಯ ತಿರುಳು. ಒಬ್ಬಂಟಿಯಾಗಿ ಪ್ರಯಾಣಿಸುವವರಿಗೂ ಕಿವಿ ಮಂದವಾದವರಿಗೂ ಸಾಕುನಾಯಿಯನ್ನು ವಾಹನದಲ್ಲಿಯೇ ಬಿಟ್ಟು ಹೊರಹೋಗುವವರಿಗೂ ಮೊದಲನೆಯ ದಾರಿಯೇ ಮೇಲು. ಕೂಗನ್ನು ಕೇಳಿ ಏಳಬಲ್ಲ ಮನುಷ್ಯನು ಸದಾ ಒಳಗಿರುವನೆಂಬ ಊಹೆಯ ಮೇಲೆ ಎರಡನೆಯದು ನಿಂತಿದೆ.

ಇವಲ್ಲದೆ ಮೂರನೆಯ ದಾರಿಯೊಂದನ್ನು ಅನೇಕರು ಹಿಡಿಯುವರು. ಶೋಧಕವನ್ನು ಬದಿಗಿಟ್ಟು, ಕವಾಟದ ತಂತಿಯನ್ನು ನೇರವಾಗಿ ಬ್ಯಾಟರಿಗೆ ಕಟ್ಟಿ, ಅದು ಎಂದಿಗೂ ತೆರೆದಿರುವಂತೆ ಮಾಡುವುದೇ ಆ ದಾರಿ. ಒಲೆ ಹತ್ತುತ್ತದೆ, ಪ್ರಯಾಣ ಸಾಗುತ್ತದೆ. ಆದರೆ ಬ್ಯಾಟರಿಯನ್ನು ಹೀರುವ ಸುರುಳಿ ಅಲ್ಲಿಯೇ ಉಳಿದು, ರಕ್ಷಿಸುವ ಶೋಧಕ ಮಾತ್ರ ಹೋಗಿ, ಎರಡರ ದೋಷವೂ ಸೇರಿ ಯಾವುದರ ಗುಣವೂ ಇಲ್ಲದಂತಾಗುತ್ತದೆ. ಮುಂದೆ ಆ ವಾಹನವನ್ನು ಕೊಂಡವನು ಕವಾಟವನ್ನು ಕಣ್ಣಾರೆ ಕಂಡು ತನಗೆ ರಕ್ಷಣೆಯಿದೆಯೆಂದು ನಂಬಿರುತ್ತಾನೆ. ಕವಾಟದ ಒಳಗಿನ ಕಡ್ಡಿಯನ್ನೂ ಸ್ಪ್ರಿಂಗನ್ನೂ ಕಿತ್ತು ಟೊಳ್ಳು ಒಡಲನ್ನು ಸಾಲಿನಲ್ಲಿಯೇ ಬಿಡುವುದೂ ಇದೇ ಬಗೆಯ ಕೆಲಸ.

ಕೆಲಸದ ಕ್ರಮವು ದೀರ್ಘವಲ್ಲ, ಆದರೆ ಆತುರವನ್ನು ಸಹಿಸುವುದಿಲ್ಲ. ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ, ಟ್ಯಾಂಕಿನ ಮುಖ್ಯಕವಾಟವನ್ನು ಮುಚ್ಚಿ, ಕೊಳವೆಗಳಲ್ಲಿ ಉಳಿದ ಅನಿಲವನ್ನು ಒಲೆಯ ಬರ್ನರಿನಲ್ಲಿ ಉರಿಸಿ ಮುಗಿಸಬೇಕು. ವಿದ್ಯುತ್ಕವಾಟವು ಆಗ ತೆರೆದಿರತಕ್ಕದ್ದೆಂಬುದನ್ನು ಮರೆತವರಿಗೆ ಅದರ ಹಿಂದಿನ ತುಣುಕಿನಲ್ಲಿ ಅನಿಲವು ಸಿಕ್ಕಿಕೊಂಡಿರುತ್ತದೆ. ಅನಂತರ ಉಳಿದೆಲ್ಲ ಜ್ವಾಲೆಗಳನ್ನೂ ಆರಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಒಂದು ಪಾನಾದಿಂದ ಕೊಳವೆಯ ಮೈಯನ್ನು ಹಿಡಿದುಕೊಂಡು ಇನ್ನೊಂದರಿಂದ ನಟ್ಟನ್ನು ತಿರುಗಿಸಬೇಕು; ಒಂದೇ ಪಾನಾದಿಂದ ಎಳೆದರೆ ತಾಮ್ರದ ಕೊಳವೆ ನುಲಿದು ಕಣ್ಣಿಗೆ ಕಾಣದ ಬಿರುಕು ಬಿಡುವುದು. ಟ್ಯಾಂಕಿನ ಕವಾಟಕ್ಕೆ ಕೂಡುವ ಪಿ.ಒ.ಎಲ್. ಜೋಡಣೆಯ ತಿರುಪು ಎಡಸುತ್ತಿನದು. ಇದನ್ನರಿಯದೆ ಬಲಗಡೆಯ ತಿರುಪೆಂದು ಬಲಾತ್ಕರಿಸಿ ಬಿಗಿದುಬಿಟ್ಟವರಿದ್ದಾರೆ. ಸಾಮಾನ್ಯ ತಿರುಪುಗಳಿಗೆ ಅನಿಲಕ್ಕೆಂದೇ ಮಾಡಿದ ಲೇಪವನ್ನಾಗಲಿ ಹಳದಿ ಟೇಪನ್ನಾಗಲಿ ಬಳಸಬಹುದು, ಆದರೆ ಅಗಲಿಸಿದ ತುದಿಯ ಫ್ಲೇರ್ ಜೋಡಣೆಗೆ ಯಾವ ಲೇಪವೂ ಕೂಡದು, ಲೋಹಕ್ಕೆ ಲೋಹವೇ ಅಲ್ಲಿ ಬೆಸುಗೆ. ಬಿಟ್ಟ ತಂತಿಗಳ ತುದಿಗಳನ್ನು ಹಾಗೆಯೇ ನೇತುಬಿಡದೆ ಫ್ಯೂಸಿನ ಬಳಿಯಲ್ಲಿಯೇ ಬಿಡಿಸಿ ತೆಗೆಯುವುದು ಲೇಸು. ಶೋಧಕವನ್ನು ಇರಿಸುವ ಸ್ಥಳ ನೆಲಕ್ಕೆ ಹತ್ತಿರ, ಬಾಗಿಲಿನ ಗಾಳಿಯಿಂದಲೂ ಬ್ಯಾಟರಿಯ ಗೂಡಿನಿಂದಲೂ ದೂರ. ಪ್ರೋಪೇನಿನ ಶೋಧಕವು ಇಂಗಾಲದ ಮಾನಾಕ್ಸೈಡನ್ನು ಅರಿಯದು. ಅದಕ್ಕೆ ಬೇರೆಯ ಶೋಧಕ ಬೇಕು, ಅಥವಾ ಎರಡನ್ನೂ ಅರಿಯುವ ಸಂಯುಕ್ತ ಮಾದರಿ.

ಇಷ್ಟಾದ ಮೇಲೆ ಎರಡು ಪರೀಕ್ಷೆಗಳು. ಒಂದೊಂದು ಸಂಧಿಗೂ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೋ ನೋಡುವುದು ಮೊದಲನೆಯದು. ಈ ಸಾಬೂನಿನಲ್ಲಿ ಅಮೋನಿಯ ಇರಬಾರದು, ಇದ್ದರೆ ಹಿತ್ತಾಳೆ ಸೀಳುತ್ತದೆ. ರೆಗ್ಯುಲೇಟರಿನಿಂದಾಚೆಯ ಕೊಳವೆಗಳಿಗೆಲ್ಲ ಒಟ್ಟಾಗಿ ಎರಡನೆಯದು: ಒಲೆಯ ಬಳಿ ಮ್ಯಾನೋಮೀಟರನ್ನು ಜೋಡಿಸಿ, ಮುಖ್ಯಕವಾಟವನ್ನು ತೆರೆದು ಮುಚ್ಚಿ, ಒತ್ತಡವನ್ನು ನೀರಿನ ಸ್ತಂಭದ 8 ಅಂಗುಲಕ್ಕೆ ಇಳಿಸಿ ಮೂರು ನಿಮಿಷ ಕಾಯುವುದು. ನೀರಿನ ಮಟ್ಟವು ಕದಲದಿದ್ದರೆ ಸೋರಿಕೆಯಿಲ್ಲ. ಶೋಧಕದ ಪರೀಕ್ಷೆಯ ಗುಂಡಿಯನ್ನು ಒತ್ತಿದಾಗ ಕೂಗು ಕೇಳಿಸಿದರೂ, ಅನೇಕ ಮಾದರಿಗಳಲ್ಲಿ ಅದು ಮಂಡಲದ ಪರೀಕ್ಷೆಯೇ ಹೊರತು ಸಂವೇದಕದ ಪರೀಕ್ಷೆಯಲ್ಲ. ಹೊಸ ಶೋಧಕದ ಬೆನ್ನಿನ ಮೇಲೆ ಅದನ್ನು ಕೂರಿಸಿದ ತಿಂಗಳು ವರ್ಷಗಳನ್ನು ಅಳಿಸದ ಮಸಿಯಿಂದ ಬರೆಯುವುದು ವಾಡಿಕೆ. ಕವಾಟವನ್ನು ತೆಗೆದಿದ್ದರೆ ಆ ಸಂಗತಿಯನ್ನು ವಾಹನದ ಕಾಗದಪತ್ರಗಳೊಡನೆ ಬರೆದಿಟ್ಟು, ಮಾರುವ ಕಾಲಕ್ಕೆ ಕೊಳ್ಳುವವನಿಗೆ ಒಪ್ಪಿಸತಕ್ಕದ್ದು.